ಬಳಸಿದ ಬಿಸಿನೀರಿನ ಬೇಸಿನ್ ಹಾಗೂ ನೂಲು ಬಿಚ್ಚಾಣಿಕೆ ಯಂತ್ರ ಕೊಳ್ಳುವವರ ಗಮನಕ್ಕೆ

1. ಪೀಠಿಕೆ

ಚಿಕ್ಕಬಳ್ಳಾಪುರ ಜಿಲ್ಲೆಯು 2007ರಲ್ಲಿ ಕೋಲಾರ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಯಿತು. ಹಿಪ್ಪುನೇರಳೆ ಬೇಸಾಯ ಮತ್ತು ರೇಷ್ಮೆ ಉದ್ಯಮ ಅದಕ್ಕೂ ಬಹಳ ಹಿಂದಿನಿಂದ ಈ ಭಾಗದ ಜನರ ಜೀವನಾಧಾರವಾಗಿವೆ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಮತ್ತು ಚಿಕ್ಕಬಳ್ಳಾಪುರ ತಾಲ್ಲೂಕುಗಳ ರೈತರು ಗೂಡು ಬೆಳೆಯುತ್ತಾರೆ. ಶಿಡ್ಲಘಟ್ಟ, ಚಿಂತಾಮಣಿ ಮೊದಲಾದ ಪಟ್ಟಣಗಳ ನೂಲು ಬಿಚ್ಚಾಣಿಕೆದಾರರು, ಅಂದರೆ ರೀಲರುಗಳು, ಅದನ್ನು ಬಿಸಿನೀರಿನಲ್ಲಿ ಬೇಯಿಸಿ ನೂಲು ತೆಗೆಯುತ್ತಾರೆ.

ಚರಕದಿಂದ ಕಾಟೇಜ್ ಬೇಸಿನ್‌ಗೆ, ಕಾಟೇಜ್ ಬೇಸಿನ್‌ನಿಂದ ಮಲ್ಟಿಎಂಡ್ ಯಂತ್ರಕ್ಕೆ, ಅಲ್ಲಿಂದ ಸ್ವಯಂಚಾಲಿತ ಯಂತ್ರಕ್ಕೆ ಉದ್ಯಮವು ಸಾಗುತ್ತಿರುವುದರಿಂದ ಹಳೆಯ ಬೇಸಿನ್‌ಗಳು ಮಾರಾಟಕ್ಕೆ ಬರುತ್ತವೆ. ಹೊಸ ಯಂತ್ರಕ್ಕೆ ಬಂಡವಾಳವಿಲ್ಲದವರು, ಕೂಲಿಯಿಂದ ಸ್ವಂತ ಘಟಕಕ್ಕೆ ಬರಲು ಬಯಸುವವರು ಇವುಗಳನ್ನು ಕೊಳ್ಳುತ್ತಾರೆ. ಒಡವೆ ಅಡವಿಟ್ಟು ಅಥವಾ ಸಾಲ ಮಾಡಿ ಕೊಂಡ ಯಂತ್ರವು ತಿಂಗಳೊಳಗೆ ನಿಂತುಹೋದರೆ ಕುಟುಂಬವೇ ಸಂಕಷ್ಟಕ್ಕೆ ಸಿಲುಕುತ್ತದೆ. ಆದುದರಿಂದ ಕೊಳ್ಳುವ ಮೊದಲು ಮತ್ತು ಕೊಂಡ ನಂತರ ಗಮನಿಸಬೇಕಾದ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

2. ಬಿಸಿನೀರಿನ ಕೆಲಸವೇನು?

ರೇಷ್ಮೆ ಎಳೆಯು ಫೈಬ್ರಾಯಿನ್ ಎಂಬ ನಾರು ಮತ್ತು ಅದನ್ನು ಆವರಿಸಿರುವ ಸೆರಿಸಿನ್ ಎಂಬ ಅಂಟಿನಿಂದ ಕೂಡಿರುತ್ತದೆ. ಎಳೆಯ ತೂಕದಲ್ಲಿ ಸುಮಾರು ಶೇಕಡ 20ರಿಂದ 25 ಭಾಗ ಈ ಅಂಟೇ ಆಗಿರುತ್ತದೆ. ಬಿಸಿನೀರು ಅಂಟನ್ನು ಮೆದುಗೊಳಿಸಿದಾಗ ಮಾತ್ರ ಎಳೆಯು ಕಡಿಯದೆ ಬಿಚ್ಚಿಕೊಳ್ಳುತ್ತದೆ.

ಚರಕದಲ್ಲಿ ಬೇಯಿಸುವುದೂ ಬಿಚ್ಚುವುದೂ ಒಂದೇ ಪಾತ್ರೆಯಲ್ಲಿ ನಡೆಯುತ್ತದೆ. ಕಾಟೇಜ್ ಬೇಸಿನ್ ಪದ್ಧತಿಯಲ್ಲಿ ಗೂಡನ್ನು ಕುದಿಯುವ ಬಿಂದುವಿನ ಸಮೀಪದ ನೀರಿನಲ್ಲಿ ಪ್ರತ್ಯೇಕವಾಗಿ ಬೇಯಿಸಿ, ಸುಮಾರು 40ರಿಂದ 45 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿರುವ ಬೇಸಿನ್‌ನಲ್ಲಿ ನೂಲು ತೆಗೆಯಲಾಗುತ್ತದೆ. ಸಾಮಾನ್ಯವಾಗಿ ಕಾಟೇಜ್ ಬೇಸಿನ್ ಒಂದಕ್ಕೆ 6 ಎಳೆಗಳೂ ಮಲ್ಟಿಎಂಡ್ ಬೇಸಿನ್ ಒಂದಕ್ಕೆ 10 ಎಳೆಗಳೂ ಇರುತ್ತವೆ. ನೀರಿನ ಬಿಸಿ ಒಂದೇ ಸಮನಾಗಿ ನಿಲ್ಲದ ಬೇಸಿನ್‌ನಲ್ಲಿ ಎಳೆ ಪದೇ ಪದೇ ಕಡಿಯುತ್ತದೆ, ತ್ಯಾಜ್ಯ ಹೆಚ್ಚುತ್ತದೆ ಮತ್ತು ನೂಲಿನ ದರ್ಜೆ ಇಳಿಯುತ್ತದೆ.

3. ಅಗ್ಗದ ಯಂತ್ರದ ನಿಜವಾದ ಬೆಲೆ

ಒಂದು ಕಿಲೋ ನೂಲಿಗೆ ಬೇಕಾಗುವ ಗೂಡಿನ ತೂಕಕ್ಕೆ ರೆಂಡಿಟ್ಟಾ ಎನ್ನುತ್ತಾರೆ. ಗೂಡಿನ ಗುಣಮಟ್ಟದ ಜೊತೆಗೆ ಯಂತ್ರದ ಸ್ಥಿತಿಯೂ ಇದನ್ನು ನಿರ್ಧರಿಸುತ್ತದೆ. ಉದಾಹರಣೆಗೆ, ದಿನಕ್ಕೆ 50 ಕಿಲೋ ಗೂಡು ಬಿಚ್ಚುವ ಘಟಕವೊಂದನ್ನು ತೆಗೆದುಕೊಳ್ಳಬಹುದು. ರೆಂಡಿಟ್ಟಾ 8 ಇದ್ದರೆ 6.25 ಕಿಲೋ ನೂಲು ದೊರೆಯುತ್ತದೆ. ಅದೇ ಗೂಡಿಗೆ ಹಳೆಯ ಬೇಸಿನ್‌ನಲ್ಲಿ ರೆಂಡಿಟ್ಟಾ 8.5ಕ್ಕೆ ಏರಿದರೆ ದೊರೆಯುವುದು ಸುಮಾರು 5.88 ಕಿಲೋ ಮಾತ್ರ. ದಿನವೊಂದಕ್ಕೆ ಸುಮಾರು 370 ಗ್ರಾಂ, 25 ಕೆಲಸದ ದಿನಗಳಿಗೆ 9 ಕಿಲೋಗೂ ಹೆಚ್ಚು ನೂಲು ನಷ್ಟವಾಗುತ್ತದೆ.

ಈ ತೂಕವನ್ನು ಅಂದಿನ ನೂಲಿನ ದರದಿಂದ ಗುಣಿಸಿದರೆ ಬರುವ ಮೊತ್ತವೇ ತಿಂಗಳ ಗುಪ್ತ ಖರ್ಚು. ಯಂತ್ರದ ಬೆಲೆಗೆ ದುರಸ್ತಿ, ಸಾಗಾಣಿಕೆ, ಅಳವಡಿಕೆ ಮತ್ತು ಈ ಗುಪ್ತ ಖರ್ಚನ್ನು ಕೂಡಿಸಿ, ನಂತರವೇ ಹೊಸ ಯಂತ್ರದ ಬೆಲೆಯೊಂದಿಗೆ ಹೋಲಿಸತಕ್ಕದ್ದು. ಹೊಸ ಯಂತ್ರಗಳಿಗೆ ಇರುವ ಸಹಾಯಧನವು ಹಳೆಯ ಯಂತ್ರಕ್ಕೂ ದೊರೆಯುತ್ತದೆಂದು ಭಾವಿಸಿ ಮುಂಗಡ ಕೊಡಬಾರದು. ಸಹಾಯಧನದ ಬಗ್ಗೆ ಮೊದಲು ರೇಷ್ಮೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ ಖಚಿತಪಡಿಸಿಕೊಳ್ಳಬೇಕು.

4. ಕೊಳ್ಳುವ ಮೊದಲು ಪರಿಶೀಲನೆ

ಬಿಚ್ಚಿ ರಾಶಿ ಹಾಕಿರುವ ಯಂತ್ರವನ್ನು ಕೊಳ್ಳದಿರುವುದು ಒಳಿತು. ಕೆಲಸ ನಡೆಯುತ್ತಿರುವಾಗಲೇ ಅನುಭವಿ ರೀಲರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ ನೋಡುವುದು ಸೂಕ್ತ. ಸಾಧ್ಯವಾದರೆ ತಮ್ಮದೇ ಗೂಡನ್ನು ತೂಗಿ ಕೊಟ್ಟು, ನೂಲು ತೆಗೆಸಿ, ಅದನ್ನು ಒಣಗಿಸಿ ತೂಗಬೇಕು. ಮುಖ್ಯವಾಗಿ ಪರಿಶೀಲಿಸಬೇಕಾದ ಅಂಶಗಳು:

ಅ) ಬೇಸಿನ್: ಬೆಸುಗೆ ಬಿಟ್ಟಿರುವುದು, ತೇಪೆ, ಸೋರಿಕೆ ಮತ್ತು ತುಕ್ಕು. ಕಬ್ಬಿಣದ ತುಕ್ಕು ನೀರಿಗೆ ಸೇರಿದರೆ ನೂಲಿನ ಬಣ್ಣ ಕೆಡುತ್ತದೆ. ತುಕ್ಕು ಹಿಡಿಯದ ಉಕ್ಕಿನ ಬೇಸಿನ್ ಉತ್ತಮ.

ಆ) ಕಾಯಿಸುವ ಕೊಳವೆ ಮತ್ತು ಬಾಯ್ಲರ್: ಗಡಸು ನೀರಿನಿಂದ ಕಟ್ಟಿಕೊಂಡ ಸುಣ್ಣದಂತಹ ಬಿಳಿ ಪದರ. ಇದು ಶಾಖವನ್ನು ತಡೆಯುವುದರಿಂದ ಸೌದೆಯ ಖರ್ಚು ಏರುತ್ತದೆ.

ಇ) ಬಟನ್ ಮತ್ತು ರಾಟೆಗಳು: ಎಳೆ ಹಾದುಹೋಗುವ ಬಟನ್‌ನ ರಂಧ್ರ ಒಡೆದಿದ್ದರೆ ಅಥವಾ ಸವೆದಿದ್ದರೆ ನೂಲು ಒರಟಾಗುತ್ತದೆ. ಒಂದೆರಡನ್ನು ನೋಡಿ ತೃಪ್ತರಾಗದೆ ಪ್ರತಿ ಎಳೆಯ ಸಾಲನ್ನೂ ನೋಡಬೇಕು.

ಈ) ಶಾಫ್ಟ್, ಬೇರಿಂಗ್ ಮತ್ತು ಮೋಟಾರು: ಅಲುಗಾಟ, ಸದ್ದು ಮತ್ತು ಅತಿಯಾದ ಬಿಸಿ. ಬೆಲ್ಟು, ಹಲ್ಲುಚಕ್ರಗಳಿಗೆ ರಕ್ಷಣಾ ಕವಚ ಇರಬೇಕು.

ಉ) ಮರುಸುತ್ತುವ ಯಂತ್ರ: ಸುತ್ತಳತೆ 1.5 ಮೀಟರ್ ಇರುವುದನ್ನು ಅಳೆದು ನೋಡಬೇಕು.

5. ಯಂತ್ರದೊಂದಿಗೆ ಬಾರದ ಹಕ್ಕುಗಳು

ಯಂತ್ರ ಕೈ ಬದಲಾಯಿಸಿದ ಮಾತ್ರಕ್ಕೆ ಅದರ ಮೇಲಿನ ಅನುಮತಿಗಳು ಕೈ ಬದಲಾಯಿಸುವುದಿಲ್ಲ. ಕೊಳ್ಳುವವರಲ್ಲಿ ಅನೇಕರಿಗೆ ಇದು ತಿಳಿದಿರುವುದಿಲ್ಲ.

(1) ರೀಲರ್ ಪರವಾನಗಿ: ಕರ್ನಾಟಕ ರೇಷ್ಮೆಹುಳು ಬಿತ್ತನೆ, ರೇಷ್ಮೆಗೂಡು ಮತ್ತು ರೇಷ್ಮೆ ನೂಲಿನ ಉತ್ಪಾದನೆ, ಸರಬರಾಜು, ವಿತರಣೆ ಹಾಗೂ ಮಾರಾಟವನ್ನು ನಿಯಂತ್ರಿಸುವ 1959ರ ಅಧಿನಿಯಮದಂತೆ ನೂಲು ಬಿಚ್ಚಾಣಿಕೆಗೆ ಪರವಾನಗಿ ಅಗತ್ಯ. ಮಾರುವವರ ಪರವಾನಗಿ ಕೊಳ್ಳುವವರಿಗೆ ಸಲ್ಲದು. ಪರವಾನಗಿ ಇಲ್ಲದವರು ಸರ್ಕಾರಿ ರೇಷ್ಮೆಗೂಡು ಮಾರುಕಟ್ಟೆಯ ಹರಾಜಿನಲ್ಲಿ ಗೂಡು ಕೊಳ್ಳಲಾಗದು. ಗೂಡಿಲ್ಲದೆ ಯಂತ್ರ ಮನೆಯಲ್ಲಿದ್ದೂ ಪ್ರಯೋಜನವಿಲ್ಲ.

(2) ಬಾಯ್ಲರ್ ಪ್ರಮಾಣಪತ್ರ: 1923ರ ಭಾರತೀಯ ಬಾಯ್ಲರ್ ಅಧಿನಿಯಮದ ಸ್ಥಾನದಲ್ಲಿ 2025ರ ಬಾಯ್ಲರ್ ಅಧಿನಿಯಮ ಬಂದಿದೆ. 25 ಲೀಟರಿಗಿಂತ ಕಡಿಮೆ ಸಾಮರ್ಥ್ಯದವು, ಚದರ ಸೆಂಟಿಮೀಟರಿಗೆ 1 ಕಿಲೋಗ್ರಾಂಗಿಂತ ಕಡಿಮೆ ಒತ್ತಡದವು ಹಾಗೂ ನೀರನ್ನು 100 ಡಿಗ್ರಿಗಿಂತ ಕಡಿಮೆ ಕಾಯಿಸುವಂಥವು ಬಾಯ್ಲರ್ ಎಂಬ ವ್ಯಾಖ್ಯೆಯ ಹೊರಗಿವೆ. ವ್ಯಾಖ್ಯೆಯೊಳಗೆ ಬರುವ ಹಬೆ ಬಾಯ್ಲರಿಗೆ ನೋಂದಣಿ ಮತ್ತು ಚಾಲ್ತಿಯಲ್ಲಿರುವ ಪ್ರಮಾಣಪತ್ರ ಕಡ್ಡಾಯ. ಬಾಯ್ಲರಿನ ಮೇಲೆ ಕೊರೆದಿರುವ ನೋಂದಣಿ ಸಂಖ್ಯೆಯನ್ನು ಕಾಗದದೊಂದಿಗೆ ತಾಳೆ ನೋಡಿ, ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಯಿಂದ ತಪಾಸಣೆ ಮಾಡಿಸಿದ ನಂತರವೇ ಬಳಸಬೇಕು. ಕಾಗದವಿಲ್ಲದ ಬಾಯ್ಲರನ್ನು ಎಷ್ಟೇ ಅಗ್ಗವಾಗಿ ದೊರೆತರೂ ಕೊಳ್ಳಬಾರದು. ಅದು ಸಿಡಿದರೆ ಪ್ರಾಣಹಾನಿಯಾಗುತ್ತದೆ.

(3) ವಿದ್ಯುತ್ ಸಂಪರ್ಕ: ಇದು ಸ್ಥಳಕ್ಕೆ ನೀಡಿದ್ದು, ಯಂತ್ರಕ್ಕೆ ನೀಡಿದ್ದಲ್ಲ. ಮೋಟಾರಿನ ಅಶ್ವಶಕ್ತಿಯನ್ನು ನಮೂದಿಸಿ ಬೆಸ್ಕಾಂ ಉಪವಿಭಾಗಕ್ಕೆ ಅರ್ಜಿ ಸಲ್ಲಿಸಬೇಕು. ಮನೆಬಳಕೆಯ ಸಂಪರ್ಕದಿಂದ ಘಟಕ ನಡೆಸಬಾರದು.

(4) ಸ್ಥಳೀಯ ಸಂಸ್ಥೆಯ ಪರವಾನಗಿ ಹಾಗೂ ಹೊಗೆ, ಕೊಳಚೆ ನೀರಿನ ಬಗ್ಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ನಿಯಮಗಳನ್ನು ಘಟಕ ಆರಂಭಿಸುವ ಮೊದಲೇ ವಿಚಾರಿಸಬೇಕು.

6. ಹಣ ಮತ್ತು ಕಾಗದಪತ್ರ

1930ರ ಸರಕು ಮಾರಾಟ ಅಧಿನಿಯಮದಂತೆ, ಸಾಮಾನ್ಯವಾಗಿ ಮಾರುವವರಿಗೆ ಇರುವುದಕ್ಕಿಂತ ಹೆಚ್ಚಿನ ಹಕ್ಕು ಕೊಳ್ಳುವವರಿಗೆ ಬರುವುದಿಲ್ಲ. ಯಂತ್ರದ ಮೇಲೆ ಬ್ಯಾಂಕಿನ ಸಾಲವಿದ್ದರೆ ಬ್ಯಾಂಕಿನಿಂದ ಬಾಕಿ ಇಲ್ಲವೆಂಬ ಪತ್ರ ಪಡೆಯಬೇಕು. ಸಹಾಯಧನದಿಂದ ಪಡೆದ ಯಂತ್ರವಾಗಿದ್ದರೆ ಅದನ್ನು ಮಾರಲು ಷರತ್ತುಗಳಿವೆಯೇ ಎಂಬುದನ್ನು ರೇಷ್ಮೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ, ಲಿಖಿತ ಉತ್ತರ ಪಡೆಯುವುದು ಕ್ಷೇಮ.

ಮಾರಾಟದ ಕರಾರನ್ನು ಛಾಪಾ ಕಾಗದದ ಮೇಲೆ ಬರೆಯಿಸುವುದು ಉತ್ತಮ. ಅದರಲ್ಲಿ ಬೇಸಿನ್ ಮತ್ತು ಎಳೆಗಳ ಸಂಖ್ಯೆ, ತಯಾರಿಕೆಯ ವರ್ಷ, ಮೋಟಾರು ಹಾಗೂ ಬಾಯ್ಲರಿನ ಸಂಖ್ಯೆ, ತಿಳಿದಿರುವ ದೋಷಗಳು, ಬೆಲೆ, ಮುಂಗಡ, ಯಂತ್ರ ಒಪ್ಪಿಸುವ ದಿನಾಂಕ ಮತ್ತು ಯಾವುದೇ ಸಾಲಬಾಧೆ ಇಲ್ಲವೆಂಬ ಹೇಳಿಕೆ ಇರಬೇಕು. ಮಾರುವವರು ಜಿಎಸ್‌ಟಿ ನೋಂದಾಯಿತರಾಗಿದ್ದರೆ ತೆರಿಗೆ ಬಿಲ್ಲು ಕೇಳಿ ಪಡೆಯತಕ್ಕದ್ದು. ಆದಾಯ ತೆರಿಗೆ ಕಾನೂನಿನಂತೆ ಒಂದು ವ್ಯವಹಾರದಲ್ಲಿ ರೂ. 2 ಲಕ್ಷ ಅಥವಾ ಹೆಚ್ಚಿನ ಮೊತ್ತವನ್ನು ನಗದಾಗಿ ಸ್ವೀಕರಿಸುವಂತಿಲ್ಲ. ಮೊತ್ತ ಕಡಿಮೆ ಇದ್ದರೂ ಬ್ಯಾಂಕಿನ ಮೂಲಕ ಪಾವತಿಸಿದರೆ ಮುಂದೆ ವ್ಯಾಜ್ಯ ಬಂದಾಗ ಅದೇ ಸಾಕ್ಷಿಯಾಗುತ್ತದೆ.

7. ಕೊಂಡ ನಂತರದ ನಿರ್ವಹಣೆ

ನೀರು: ಕೊಳವೆ ಬಾವಿಯ ನೀರು ಗಡಸಾಗಿದ್ದರೆ ಗೂಡು ಸರಿಯಾಗಿ ಬೇಯುವುದಿಲ್ಲ. ಆದುದರಿಂದ ಯಂತ್ರ ಅಳವಡಿಸುವ ಮೊದಲೇ ನೀರನ್ನು ಪರೀಕ್ಷೆಗೆ ಕೊಡಬೇಕು. ಮಳೆನೀರು ಮೃದುವಾಗಿರುವುದರಿಂದ ಚಾವಣಿಯ ನೀರನ್ನು ಸಂಗ್ರಹಿಸಿ ಬಳಸುವುದು ಲಾಭದಾಯಕ. ಕೊಳೆತ ನೀರು ನೂಲಿನ ಹೊಳಪನ್ನು ಕೆಡಿಸುತ್ತದೆ. ಆದ್ದರಿಂದ ಬೇಸಿನ್‌ನ ನೀರನ್ನು ಕಾಲಕಾಲಕ್ಕೆ ಬದಲಾಯಿಸಿ, ಸಂಜೆ ಪೂರ್ತಿ ಖಾಲಿ ಮಾಡಿ ಒರೆಸಬೇಕು. ಗಟ್ಟಿಯಾದ ಸುಣ್ಣದ ಪದರವನ್ನು ಉಳಿ, ಸುತ್ತಿಗೆಗಳಿಂದ ಕುಟ್ಟಿ ತೆಗೆಯಬಾರದು. ತಿಳಿದ ತಂತ್ರಜ್ಞರಿಂದ ತೆಗೆಸಬೇಕು.

ತ್ಯಾಜ್ಯ: ಬೆಂದ ಹುಳುವನ್ನು ಅಂದಂದೇ ವಿಲೇವಾರಿ ಮಾಡದಿದ್ದರೆ ದುರ್ವಾಸನೆಯಿಂದ ನೆರೆಹೊರೆಯವರಿಗೆ ತೊಂದರೆಯಾಗುತ್ತದೆ. ಎಣ್ಣೆ ಮತ್ತು ಪಶು ಆಹಾರ ತಯಾರಿಕೆಗೆ ಇದನ್ನು ಕೊಳ್ಳುವವರಿದ್ದಾರೆ.

ಸುರಕ್ಷತೆ: ಒದ್ದೆ ನೆಲದ ಮೇಲೆ ವಿದ್ಯುತ್ ಯಂತ್ರ ನಡೆಯುವುದರಿಂದ ಅರ್ಥಿಂಗ್ ಮತ್ತು ವಿದ್ಯುತ್ ಸೋರಿಕೆ ತಡೆಯುವ ಸಾಧನ ಅವಶ್ಯ. ಹಬೆ ಮತ್ತು ಹೊಗೆ ಹೊರಹೋಗಲು ಕಿಟಕಿ, ಹೊಗೆಕೊಳವೆ ಇರಬೇಕು. ಬಿಸಿನೀರು ಬಿದ್ದು ಸುಟ್ಟರೆ ಸುಟ್ಟ ಭಾಗವನ್ನು ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಬೇಕು. ಶಾಯಿ, ಟೂತ್‌ಪೇಸ್ಟ್ ಹಚ್ಚಬಾರದು. ಗಾಯ ದೊಡ್ಡದಾಗಿದ್ದರೆ 108ಕ್ಕೆ ಕರೆ ಮಾಡಬೇಕು. 14 ವರ್ಷದೊಳಗಿನ ಮಕ್ಕಳನ್ನು ದುಡಿಮೆಗೆ ತೊಡಗಿಸುವುದು ಅಪರಾಧ. 18 ವರ್ಷ ತುಂಬದವರನ್ನು ಕುದಿಯುವ ನೀರಿನ ಬಳಿ ನಿಲ್ಲಿಸಬಾರದು.

8. ಮಾರ್ಗದರ್ಶನ

ಪರವಾನಗಿ ಮತ್ತು ಯೋಜನೆಗಳ ಮಾಹಿತಿಗೆ ಆಯಾ ತಾಲ್ಲೂಕಿನ ರೇಷ್ಮೆ ಇಲಾಖೆಯ ಕಚೇರಿಯನ್ನು ಸಂಪರ್ಕಿಸಬಹುದು. ನೂಲು ಬಿಚ್ಚಾಣಿಕೆಯ ತಾಂತ್ರಿಕ ವಿಷಯಗಳಿಗೆ ಕೇಂದ್ರ ರೇಷ್ಮೆ ಮಂಡಳಿಯ ಅಧೀನದಲ್ಲಿರುವ, ಬೆಂಗಳೂರಿನ ಕೇಂದ್ರ ರೇಷ್ಮೆ ತಾಂತ್ರಿಕ ಸಂಶೋಧನಾ ಸಂಸ್ಥೆಯ ನೆರವು ಪಡೆಯಬಹುದು. ಮುಂಗಡ ಕೊಟ್ಟ ನಂತರ ಕಚೇರಿಗೆ ಬಂದರೆ ನೀಡಬಹುದಾದ ನೆರವು ಬಹಳ ಕಡಿಮೆ. ಆದುದರಿಂದ ಮುಂಗಡ ಕೊಡುವ ಮೊದಲೇ ಬಂದು ವಿಚಾರಿಸಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.