ದೇಹದ ಕೊಬ್ಬನ್ನು ಅಳೆಯುವ ಕ್ರಮಗಳು

೧೯೪೨ರಲ್ಲಿ ಅಮೆರಿಕದ ನೌಕಾದಳದ ವೈದ್ಯರಾದ ವೆಲ್ಹಮ್ ಮತ್ತು ಬೆಂಕೆ ಎಂಬವರು ೨೫ ಮಂದಿ ವೃತ್ತಿಪರ ಫುಟ್‌ಬಾಲ್ ಆಟಗಾರರನ್ನು ನೀರಿನಲ್ಲಿ ಮುಳುಗಿಸಿ ತೂಗಿದ ಫಲಿತಾಂಶವನ್ನು ಪ್ರಕಟಿಸಿದರು. ಎತ್ತರ ತೂಕಗಳ ಕೋಷ್ಟಕದಂತೆ ಇವರಲ್ಲಿ ೧೭ ಮಂದಿ ಅತಿಭಾರದವರು, ಸೈನ್ಯಕ್ಕೆ ಅನರ್ಹರು. ನೀರು ನುಡಿದ ಸಾಕ್ಷ್ಯವೇ ಬೇರೆ: ಬಹುಮಂದಿಯ ಹೆಚ್ಚಿನ ತೂಕವೆಲ್ಲ ಮಾಂಸಖಂಡದ್ದಾಗಿತ್ತು. ಕೊಬ್ಬಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು ೦.೯ ಗ್ರಾಂ, ಉಳಿದ ದೇಹದ್ದು ೧.೧, ಆದುದರಿಂದ ಇಡೀ ದೇಹದ ಸಾಂದ್ರತೆ ತಿಳಿದರೆ ಕೊಬ್ಬಿನ ಶೇಕಡಾಂಶವನ್ನು ಗಣಿಸಬಹುದು. ಉಸಿರನ್ನೆಲ್ಲ ಹೊರಬಿಟ್ಟು ಮುಳುಗಬೇಕೆಂಬುದೇ ಇದರ ಕಷ್ಟ.

ಚರ್ಮದ ಮಡಿಕೆಯನ್ನು ಇಕ್ಕಳದಿಂದ ಹಿಡಿದು ಅಳೆಯುವುದು ಸುಲಭ. ಆದರೆ ೧೯೭೪ರಲ್ಲಿ ಡರ್ನಿನ್ ಮತ್ತು ವೊಮರ್ಸ್ಲಿ ರಚಿಸಿದ ಪ್ರಸಿದ್ಧ ಕೋಷ್ಟಕಕ್ಕೂ ನೀರಿನ ತೂಕವೇ ಆಧಾರ. ಮೂಲಪ್ರತಿಯಲ್ಲಿನ ತಪ್ಪು ನಕಲಿಗೂ ಇಳಿಯುವುದನ್ನು ಇತಿಹಾಸದ ವಿದ್ಯಾರ್ಥಿ ಬಲ್ಲ. ಅಲ್ಲದೆ ಅಳೆಸಿಕೊಂಡವರು ಸ್ಕಾಟ್ಲೆಂಡಿನ ಜನ. ಅದೇ ಎತ್ತರ, ಅದೇ ತೂಕದ ಭಾರತೀಯರಲ್ಲಿ ಕೊಬ್ಬು ಸಾಮಾನ್ಯವಾಗಿ ಯುರೋಪಿಯನರಿಗಿಂತ ಹೆಚ್ಚು.