ಗೆರೆ ಕೂಡದಿದ್ದರೆ ದಾರಿಯಿಲ್ಲ

ಸಾಗರ ತಾಲ್ಲೂಕಿನ ಅಂಬಾರಗೋಡ್ಲು, ಕಳಸವಳ್ಳಿ ಎದುರುಬದುರು ದಡದ ಊರುಗಳು. ನಡುವೆ ಶರಾವತಿಯ ಹಿನ್ನೀರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಕಳಸವಳ್ಳಿ ದಡದ ತುಮರಿ ಕಡೆಯವರು ಆಸ್ಪತ್ರೆಗೋ ತಾಲ್ಲೂಕು ಕಚೇರಿಗೋ ಸಾಗರಕ್ಕೆ ಬರಬೇಕೆಂದರೆ ಒಂದೋ ಲಾಂಚ್ ಹತ್ತಬೇಕಿತ್ತು, ಇಲ್ಲವೇ ಕೋಗಾರು, ಕಾರ್ಗಲ್ ಬಳಸಿಕೊಂಡು ಬರಬೇಕಿತ್ತು. 2025ರ ಜುಲೈನಲ್ಲಿ ಅಲ್ಲಿ ಸೇತುವೆ ತೆರೆಯಿತು. ಎರಡು ಕಿಲೋಮೀಟರಿಗೂ ಮಿಕ್ಕಿದ ಉದ್ದ, ದಶಕಗಳ ಬೇಡಿಕೆ, ನೂರಾರು ಕೋಟಿ ರೂಪಾಯಿ ಖರ್ಚು. ಕಂಪ್ಯೂಟರಿನ ನಕಾಶೆಯಲ್ಲಿ ಮಾತ್ರ ಅದು ಒಂದು ಗೆರೆ. ಆ ಗೆರೆ ಇದ್ದರೆ ಏನು, ಇಲ್ಲದಿದ್ದರೆ ಏನು ಎಂಬುದನ್ನು ನಿಮಿಷಗಳಲ್ಲಿ ಲೆಕ್ಕಹಾಕಿ ತೋರಿಸುವ ಉಪಕರಣಗಳಿವೆ. ಅವಕ್ಕೆ ನೆಟ್‌ವರ್ಕ್ ಅನಾಲಿಸಿಸ್, ಅಂದರೆ ಜಾಲ ವಿಶ್ಲೇಷಣೆ ಎಂದು ಹೆಸರು.

ಫೋನಿನಲ್ಲಿ ದಾರಿ ಕೇಳಿ ಹೋಗುವುದು ಈಗ ಎಲ್ಲರಿಗೂ ಗೊತ್ತು. ಆದರೆ ಫೋನು ಉತ್ತರ ಹೇಳುತ್ತದೆಯೇ ಹೊರತು ಲೆಕ್ಕವನ್ನು ಬಿಚ್ಚಿಡುವುದಿಲ್ಲ. ಲಾಂಚ್ ನಿಂತ ರಾತ್ರಿಯಲ್ಲಿ ಸಾಗರದ ಆಸ್ಪತ್ರೆಯಿಂದ ಒಂದು ಗಂಟೆಯೊಳಗೆ ಯಾವ ಯಾವ ಊರು ಮುಟ್ಟಬಹುದಿತ್ತು ಎಂದು ಅದನ್ನು ಕೇಳಿ ನೋಡಿ. ಇಂಥ ಪ್ರಶ್ನೆಗೆ ಬೇಕಾದದ್ದು ಮೇಜಿನ ಮೇಲಿನ ಕಂಪ್ಯೂಟರ್ ಮತ್ತು ನಕಾಶೆಯ ತಂತ್ರಾಂಶ. ಆರ್ಕ್‌ಜಿಐಎಸ್‌ನಲ್ಲಿ ಇದಕ್ಕೆಂದೇ ನೆಟ್‌ವರ್ಕ್ ಅನಲಿಸ್ಟ್ ಎಂಬ ವಿಭಾಗವಿದೆ, ದುಡ್ಡು ಕೊಡಬೇಕು. 2002ರಲ್ಲಿ ಗ್ಯಾರಿ ಶೆರ್ಮನ್ ಶುರುಮಾಡಿದ ಕ್ಯೂಜಿಐಎಸ್ ಉಚಿತ. ಅದರ ಪ್ರೊಸೆಸಿಂಗ್ ಟೂಲ್‌ಬಾಕ್ಸಿನಲ್ಲಿ ನೆಟ್‌ವರ್ಕ್ ಅನಾಲಿಸಿಸ್ ಎಂಬ ಗುಂಪು ಬಿಚ್ಚಿದರೆ ಮುಖ್ಯವಾಗಿ ಎರಡು ಬಗೆಯ ಉಪಕರಣ ಸಿಗುತ್ತವೆ. ಒಂದು, ಇಲ್ಲಿಂದ ಅಲ್ಲಿಗೆ ಹತ್ತಿರದ ದಾರಿ. ಇನ್ನೊಂದು ‘ಸರ್ವಿಸ್ ಏರಿಯಾ’: ಇಲ್ಲಿಂದ ಹೊರಟು ಇಷ್ಟು ದೂರ ಅಥವಾ ಇಷ್ಟು ಹೊತ್ತಿನಲ್ಲಿ ಎಲ್ಲೆಲ್ಲಿ ತಲುಪಬಹುದು ಎಂಬುದು. ಕೆಲಸದ ದೃಷ್ಟಿಯಿಂದ ಎರಡನೆಯದೇ ಹೆಚ್ಚು ಬೆಲೆಯುಳ್ಳದ್ದು ಎಂದು ನನ್ನ ಅಭಿಪ್ರಾಯ. ದಾರಿ ಹೇಳಲು ಊರಿನ ಬಸ್ ಡ್ರೈವರ್ ಸಾಕು. ಒಂದು ಹೋಬಳಿಯ ಎಲ್ಲ ಮನೆಗಳಿಗೆ ಆಸ್ಪತ್ರೆ ಎಷ್ಟು ಹೊತ್ತಿನ ದೂರ ಎಂಬುದನ್ನು ಯಾವ ಡ್ರೈವರೂ ಹೇಳಲಾರ.

ಈ ಬಗೆಯ ಯೋಚನೆ ಕಂಪ್ಯೂಟರಿಗಿಂತ ಹಳೆಯದು. 1854ರಲ್ಲಿ ಲಂಡನ್ನಿನ ಸೋಹೊ ಪ್ರದೇಶದಲ್ಲಿ ಕಾಲರಾ ಬಂದಾಗ ವೈದ್ಯ ಜಾನ್ ಸ್ನೋ ಸಾವುಗಳನ್ನು ನಕಾಶೆಯ ಮೇಲೆ ಗುರುತಿಸಿ, ಬ್ರಾಡ್ ಸ್ಟ್ರೀಟಿನ ನೀರಿನ ಪಂಪಿನ ಕಡೆ ಬೊಟ್ಟುಮಾಡಿದ ಕಥೆ ಪಠ್ಯಪುಸ್ತಕಗಳಲ್ಲೂ ಬರುತ್ತದೆ. ಅಷ್ಟಾಗಿ ಬಾರದ ಸಂಗತಿಯೊಂದಿದೆ. ಮರುವರ್ಷದ ವರದಿಗೆ ಸಿದ್ಧಪಡಿಸಿದ ನಕಾಶೆಯಲ್ಲಿ ಆತ ಚುಕ್ಕಿಗೆರೆಯೊಂದನ್ನು ಎಳೆದಿದ್ದ. ಬ್ರಾಡ್ ಸ್ಟ್ರೀಟಿನ ಪಂಪಿಗೂ ಸುತ್ತಲಿನ ಬೇರೆ ಪಂಪುಗಳಿಗೂ ಸಮದೂರದಲ್ಲಿರುವ ಬಿಂದುಗಳನ್ನು ಜೋಡಿಸಿದ ಗೆರೆ ಅದು. ಆ ಸಮದೂರವನ್ನು ಆತ ಸ್ಕೇಲ್ ಇಟ್ಟು ಅಳೆಯಲಿಲ್ಲ, ಜನ ನಡೆಯುವ ಬೀದಿಗುಂಟ ಅಳೆದ. ಕೊಡ ಹಿಡಿದವರು ಗೋಡೆ ದಾಟಿ ಹೋಗುವುದಿಲ್ಲವಲ್ಲ. ಗೆರೆಯ ಒಳಗಿದ್ದವರಿಗೆ ಬ್ರಾಡ್ ಸ್ಟ್ರೀಟಿನ ಪಂಪೇ ಹತ್ತಿರ, ಸಾವು ಹೆಚ್ಚಾಗಿದ್ದದ್ದೂ ಅಲ್ಲೇ. ನಕಾಶೆಯ ಮೇಲೆ ವೃತ್ತ ಎಳೆದು ‘ಹತ್ತು ಕಿ.ಮೀ. ಒಳಗೆ ಆಸ್ಪತ್ರೆ ಇದೆ’ ಎಂದು ಬರೆಯುವ ವರದಿಗಳನ್ನು ಇವತ್ತಿಗೂ ನೋಡುತ್ತೇವೆ. ಕಳಸವಳ್ಳಿಯನ್ನು ಕೇಂದ್ರವಾಗಿಟ್ಟು ಅಂಥ ವೃತ್ತ ಎಳೆದರೆ ಹಿನ್ನೀರೂ ಅದರೊಳಗೇ ಬೀಳುತ್ತದೆ.

ಇನ್ನು ಯಂತ್ರದ ಒಳಗೆ ನಡೆಯುವುದನ್ನು ನೋಡೋಣ. 1956ರಲ್ಲಿ ಡಚ್ ಗಣಿತಜ್ಞ ಎಡ್ಸ್ಗರ್ ಡೈಕ್‌ಸ್ಟ್ರಾ ತಾನು ಮದುವೆಯಾಗಲಿದ್ದ ಹುಡುಗಿಯ ಜೊತೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಂಗಡಿ ಸುತ್ತಿ ದಣಿದು, ಕಾಫಿ ಕುಡಿಯುತ್ತ ಕುಳಿತಿದ್ದಾಗ ಸುಮಾರು ಇಪ್ಪತ್ತು ನಿಮಿಷದಲ್ಲಿ ಹತ್ತಿರದ ದಾರಿ ಹುಡುಕುವ ವಿಧಾನವನ್ನು ಹೊಳೆಯಿಸಿಕೊಂಡನಂತೆ. ಕೈಯಲ್ಲಿ ಪೆನ್ನು ಕಾಗದ ಇರಲಿಲ್ಲ, ಅದರಿಂದಲೇ ವಿಧಾನ ಸರಳವಾಯಿತು ಎಂದು ಆತನೇ ಮುಂದೆ ಹೇಳಿದ್ದುಂಟು. ಆರ್ಮ್ಯಾಕ್ ಎಂಬ ಹೊಸ ಕಂಪ್ಯೂಟರನ್ನು ಜನರಿಗೆ ತೋರಿಸಲು ಅರ್ಥವಾಗುವಂಥ ಒಂದು ಲೆಕ್ಕ ಬೇಕಾಗಿತ್ತು. ಆತ ನೆದರ್ಲೆಂಡ್ಸಿನ 64 ಊರುಗಳ ನಕಾಶೆ ಆರಿಸಿಕೊಂಡ. ಆರು ಬಿಟ್‌ಗಳಲ್ಲಿ ಹಿಡಿಸುವ ಹೆಸರುಗಳು ಅರವತ್ತನಾಲ್ಕೇ. 1959ರಲ್ಲಿ ಅಚ್ಚಾದ ಆ ಪ್ರಬಂಧ ಮೂರು ಪುಟ ಮೀರುವುದಿಲ್ಲ. ಕ್ಯೂಜಿಐಎಸ್ ಇವತ್ತಿಗೂ ಅದೇ ವಿಧಾನದಿಂದ ದಾರಿ ಹುಡುಕುತ್ತದೆ.

ಗದ್ದೆಗಳಿಗೆ ಕಾಲುವೆಯಲ್ಲಿ ಬಿಟ್ಟ ನೀರನ್ನು ನೆನೆಸಿಕೊಳ್ಳಿ. ನೀರು ಎಲ್ಲ ಕವಲುಗಳಲ್ಲೂ ಒಟ್ಟಿಗೇ ಮುಂದೆ ಹೋಗುತ್ತದೆ. ಒಂದು ಕೂಡುಜಾಗಕ್ಕೆ ಮೊದಲು ಮುಟ್ಟಿದ ನೀರು ಯಾವ ಕಡೆಯಿಂದ ಬಂತೋ ಅದೇ ಆ ಜಾಗಕ್ಕೆ ಹತ್ತಿರದ ಹಾದಿ. ತಡವಾಗಿ ಬಂದದ್ದಕ್ಕೆ ಲೆಕ್ಕವಿಲ್ಲ. ಡೈಕ್‌ಸ್ಟ್ರಾ ವಿಧಾನವೂ ಹೀಗೆಯೇ, ಹೊರಟ ಬಿಂದುವಿನಿಂದ ಸುತ್ತ ಹರಡುತ್ತ, ಇನ್ನೂ ತೀರ್ಮಾನವಾಗದ ಬಿಂದುಗಳಲ್ಲಿ ಅತ್ಯಂತ ಹತ್ತಿರದ್ದನ್ನು ಆರಿಸಿ ‘ಇದು ಮುಗಿಯಿತು’ ಎಂದು ಗುರುತುಹಾಕುತ್ತದೆ, ಅಲ್ಲಿಂದ ಮುಂದಿನ ನೆರೆಯ ಬಿಂದುಗಳ ಅಳತೆ ತಿದ್ದುತ್ತದೆ. ಸೇರಬೇಕಾದ ಜಾಗಕ್ಕೆ ಗುರುತು ಬಿದ್ದರೆ ಹತ್ತಿರದ ದಾರಿ ಸಿಕ್ಕಂತೆ. ಕೊಟ್ಟ ಮಿತಿ ಮುಗಿಯುವವರೆಗೆ ಹರಡಿ ನಿಲ್ಲಿಸಿದರೆ ಸರ್ವಿಸ್ ಏರಿಯಾ. ಎರಡು ಉಪಕರಣಗಳ ಹೊಟ್ಟೆಯೊಳಗೂ ಒಂದೇ ಯಂತ್ರ.

ಈ ವಿಧಾನ ತಪ್ಪುವುದಿಲ್ಲ. ಕೊಟ್ಟ ಜಾಲದಲ್ಲಿ ಅತಿ ಕಡಿಮೆ ಖರ್ಚಿನ ದಾರಿ ಇದೇ ಎಂದು ಗಣಿತದಿಂದ ಸಾಧಿಸಿ ತೋರಿಸಬಹುದು. ಹಾಗಾಗಿ ಉತ್ತರ ಕೆಟ್ಟಿದ್ದರೆ ನಾವು ಕೊಟ್ಟ ಜಾಲ ಕೆಟ್ಟಿದೆ ಎಂದೇ ಲೆಕ್ಕ. ಎಲ್ಲಿ ಕೆಡುತ್ತದೆ?

ಮೊದಲು ಕೂಡುವಿಕೆ. ತೆರೆಯ ಮೇಲೆ ಸೇತುವೆಯ ಗೆರೆ ದಡದ ರಸ್ತೆಗೆ ಮುಟ್ಟಿದಂತೆ ಕಾಣುತ್ತದೆ. ಹಿಗ್ಗಿಸಿ ನೋಡಿದರೆ ನಡುವೆ ಅರ್ಧ ಮೀಟರ್ ಬಿರುಕು. ನಮ್ಮ ಕಣ್ಣಿಗೆ ಅದು ರಸ್ತೆ, ತಂತ್ರಾಂಶಕ್ಕೆ ಕಡಿದ ಸೇತುವೆ. ಗೆರೆಗಳು ಒಂದನ್ನೊಂದು ಹಾದುಹೋದರೂ ಸಾಲದು, ಹಾಯುವ ಜಾಗದಲ್ಲಿ ಎರಡೂ ಗೆರೆಗೆ ಒಂದೇ ಬಿಂದು ಇರಬೇಕು. ಇದು ತೊಂದರೆಯಂತೆ ಕಂಡರೂ ಅನುಕೂಲವೇ. ಮೇಲ್ಸೇತುವೆಯ ಗೆರೆ ಕೆಳಗಿನ ರಸ್ತೆಯ ಗೆರೆಯ ಮೇಲೆ ಹಾದುಹೋದರೂ ಅಲ್ಲಿ ಬಿಂದುವಿಲ್ಲ, ಆದ್ದರಿಂದ ಯಂತ್ರವೂ ಕಾರನ್ನು ಮೇಲಿಂದ ಕೆಳಗೆ ಬೀಳಿಸುವುದಿಲ್ಲ. ಯಾರೋ ಉತ್ಸಾಹಿ ಎಲ್ಲ ಗೆರೆಗಳನ್ನೂ ಹಾಯುವ ಜಾಗದಲ್ಲಿ ಕತ್ತರಿಸಿ ‘ಶುಚಿ’ ಮಾಡಿಬಿಟ್ಟರೆ ಮಾತ್ರ ಬೀಳುತ್ತದೆ.

ಬಿರುಕು ಮುಚ್ಚಲು ಕ್ಯೂಜಿಐಎಸ್‌ನಲ್ಲಿ ‘ಟೋಪಾಲಜಿ ಟಾಲರೆನ್ಸ್’ ಎಂಬ ಖಾನೆಯಿದೆ. ಇಷ್ಟು ಅಂತರದೊಳಗಿನ ಬಿಂದುಗಳನ್ನು ಒಂದೇ ಎಂದು ತಿಳಿ ಎಂಬ ಅಪ್ಪಣೆ ಅದು. ಸುಮ್ಮನೆ ಬಿಟ್ಟರೆ ಸೊನ್ನೆ. ಇಲ್ಲಿ ಕಲಿಯುವವರು ಜಾರುವ ಜಾಗವೊಂದಿದೆ. ನಕಾಶೆ ಅಕ್ಷಾಂಶ ರೇಖಾಂಶಗಳಲ್ಲಿದ್ದರೆ ಆ ಖಾನೆಯ ಅಳತೆ ಮೀಟರಿನಲ್ಲಿರುವುದಿಲ್ಲ, ಡಿಗ್ರಿಯಲ್ಲಿರುತ್ತದೆ. ಒಂದು ಮೀಟರ್ ಎಂದುಕೊಂಡು 1 ಎಂದು ಬರೆದರೆ ಅದು 111 ಕಿ.ಮೀ. ಆಗಿ, ಇಡೀ ಮಲೆನಾಡು ಒಂದೆರಡು ಚುಕ್ಕಿಗಳಾಗಿ ಮುದುಡುತ್ತದೆ. 0.001 ಎಂದರೂ ನೂರಕ್ಕೂ ಹೆಚ್ಚು ಮೀಟರು. ಆಗುಂಬೆ ಘಾಟಿಯ ಹೇರ್‌ಪಿನ್ ತಿರುವುಗಳು ಒಂದಕ್ಕೊಂದು ಅಂಟಿಕೊಂಡು, ದಾರಿ ತಿರುವುಗಳನ್ನು ಬಿಟ್ಟು ಜಿಗಿಯತೊಡಗುತ್ತದೆ. ಮೊದಲು ಮೀಟರಿನ ನಿರ್ದೇಶಾಂಕಕ್ಕೆ ಬದಲಿಸಿಕೊಳ್ಳುವುದು ಲೇಸು. ಸಾಗರದ ಕಡೆಗಾದರೆ ಯುಟಿಎಂ 43 ಉತ್ತರ ವಲಯ.

ಎರಡನೆಯದು ದಿಕ್ಕು. ಇದು ಪಟ್ಟಣಗಳ ತಲೆನೋವು. ಗೆರೆಯನ್ನು ಎಳೆದವರು ಯಾವ ತುದಿಯಿಂದ ಶುರುಮಾಡಿದರೋ ಅದೇ ‘ಮುಂದು’. ಜಿಯೋಫ್ಯಾಬ್ರಿಕ್ ತಾಣದಲ್ಲಿ ಉಚಿತವಾಗಿ ಸಿಗುವ ಓಪನ್‌ಸ್ಟ್ರೀಟ್‌ಮ್ಯಾಪ್ ರಸ್ತೆಗಳ ಕಡತದಲ್ಲಿ ಏಕಮುಖ ಸಂಚಾರಕ್ಕೆ ಒಂದು ಕಂಬಸಾಲು ಇರುತ್ತದೆ. ‘ಎಫ್’ ಎಂದರೆ ಗೆರೆಯ ದಿಕ್ಕಿನಲ್ಲಷ್ಟೇ, ‘ಟಿ’ ಎಂದರೆ ಎದುರು ದಿಕ್ಕಿನಲ್ಲಷ್ಟೇ, ‘ಬಿ’ ಎಂದರೆ ಎರಡೂ ಕಡೆ. ಈ ಮೂರನ್ನು ಉಪಕರಣದ ಮೂರು ಖಾನೆಗಳಲ್ಲಿ ತುಂಬಿದರೆ ಆಯಿತು.

ಮೂರನೆಯದು ವೇಗ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಅಪಾಯದ್ದು. ಕೂಡದ ಗೆರೆಯ ಉತ್ತರ ನೋಡಿದ ಕೂಡಲೇ ಕೆಟ್ಟದ್ದೆಂದು ಗೊತ್ತಾಗುತ್ತದೆ, ತಪ್ಪು ವೇಗದ ಉತ್ತರವೋ ಸರಿಯಾಗಿಯೇ ಕಾಣುತ್ತದೆ. ದೂರದ ಬದಲು ಹೊತ್ತಿನ ಲೆಕ್ಕ ಬೇಕೆಂದರೆ ಪ್ರತಿ ಗೆರೆಗೂ ವೇಗ ಕೊಡಬೇಕು. ಹಳ್ಳಿ ರಸ್ತೆಗಳಿಗೆ ವೇಗದ ದಾಖಲೆ ಇರುವುದು ಅಪರೂಪ, ಕಡತದಲ್ಲಿ ಸೊನ್ನೆ ಇರುತ್ತದೆ. ಸೊನ್ನೆ ಕಂಡರೆ ಕ್ಯೂಜಿಐಎಸ್ ತಾನೇ ಒಂದು ವೇಗ ಹಾಕಿಕೊಳ್ಳುತ್ತದೆ, ನಾವು ಬದಲಿಸದಿದ್ದರೆ ಗಂಟೆಗೆ 50 ಕಿ.ಮೀ. ಸಾಗರದಿಂದ ಆಚೆ ದಡದ ಸಿಗಂದೂರಿಗೆ ಸೇತುವೆಯ ಮೇಲೆ ಸುಮಾರು 40 ಕಿ.ಮೀ. ಐವತ್ತರ ವೇಗದಲ್ಲಿ 48 ನಿಮಿಷ. ಒಂದು ಗಂಟೆಯ ಮಿತಿ ಕೊಟ್ಟರೆ ಸಿಗಂದೂರು ಒಳಗೆ. ಕಾಡಿನ ನಡುವಿನ ತಿರುವುಮುರುವಿನ ರಸ್ತೆಗೆ ಮೂವತ್ತು ಕೊಟ್ಟರೆ 80 ನಿಮಿಷ, ಸಿಗಂದೂರು ಹೊರಗೆ. ಎರಡೂ ಲೆಕ್ಕದಲ್ಲಿ ಸೇತುವೆ ಅದೇ, ಗೆರೆ ಅದೇ. ಯಾರೂ ಕೈ ಹಾಕದ ಒಂದು ಖಾನೆ ಒಂದು ಊರನ್ನು ಆಸ್ಪತ್ರೆಯ ವ್ಯಾಪ್ತಿಗೆ ಸೇರಿಸಿತು ಅಥವಾ ತೆಗೆಯಿತು.

ಸೇತುವೆಗೆ ಮುಂಚಿನ ಲಾಂಚನ್ನು ಇದೇ ಜಾಲದೊಳಗೆ ತರುವುದು ಹೇಗೆ? ಲಾಂಚ್ ಕಾಯಿಸುತ್ತಿತ್ತು, ಕ್ಯೂಜಿಐಎಸ್‌ನ ಗೆರೆಗೆ ಕಾಯುವುದು ಗೊತ್ತಿಲ್ಲ. ಕಾಯುವ ಹೊತ್ತನ್ನೂ ವೇಗದೊಳಗೇ ಅಡಗಿಸಬೇಕು. ದಾಟುವ ಗೆರೆ ಎರಡು ಕಿ.ಮೀ., ಕಾಯುವುದು, ಹತ್ತುವುದು, ದಾಟುವುದು ಸೇರಿ ಒಂದು ಗಂಟೆ ಎಂದುಕೊಂಡರೆ ಆ ಗೆರೆಗೆ ಗಂಟೆಗೆ 2 ಕಿ.ಮೀ. ವೇಗ ಕೊಟ್ಟರೆ ಮುಗಿಯಿತು. ಉಳಿದ 38 ಕಿ.ಮೀ. ಮೂವತ್ತರ ವೇಗದಲ್ಲಿ 76 ನಿಮಿಷ, ಒಟ್ಟು 2 ಗಂಟೆ 16 ನಿಮಿಷ. ಬಳಸುದಾರಿ ಸುಮಾರು 80 ಕಿ.ಮೀ. ಹೆಚ್ಚು ಎಂದಿಟ್ಟುಕೊಂಡರೆ 120 ಕಿ.ಮೀ., ನಾಲ್ಕು ಗಂಟೆ. ಲಾಂಚೇ ಗೆಲ್ಲುತ್ತದೆ. ಸಿಗಂದೂರಿನ ದೇವಸ್ಥಾನಕ್ಕೆ ಹೋಗುವವರ ವಾಹನಗಳ ಸಾಲು ಬೆಳೆದು ಆ ಒಂದು ಗಂಟೆ ಎರಡೂಮುಕ್ಕಾಲು ಗಂಟೆಯಾದರೆ ಉತ್ತರ ಮಗುಚಿಕೊಂಡು ಯಂತ್ರ ಕೋಗಾರಿನ ಕಡೆ ಕೈ ತೋರಿಸುತ್ತದೆ. ರಾತ್ರಿ ಲಾಂಚ್ ಇರಲಿಲ್ಲ, ಆ ಗೆರೆಯನ್ನು ಅಳಿಸಿ ಇನ್ನೊಂದು ಜಾಲ ಮಾಡಬೇಕು. ಬೇಸಿಗೆಯಲ್ಲಿ ನೀರಿಳಿದಾಗ ವಾಹನಗಳನ್ನು ಹತ್ತಿಸುತ್ತಿರಲಿಲ್ಲ, ಅದಕ್ಕೆ ಮತ್ತೊಂದು. ಊರೊಂದೇ, ಜಾಲ ಮೂರು. ಸೇತುವೆಯದು ನಾಲ್ಕನೆಯದು. ಅಣೆಕಟ್ಟಿಗಿಂತ ಮುಂಚಿನ ನಕಾಶೆಯಿಂದ ರಸ್ತೆ ಎಳೆದುಕೊಂಡವರಿಗೆ ಐದನೆಯದೂ ಸಿಕ್ಕೀತು, ಅದರಲ್ಲಿ ಬಸ್ಸು ನೀರಿನಡಿಯಲ್ಲಿ ಓಡುತ್ತದೆ.

ಹಿನ್ನೀರಿನ ಕಡೆ ಇನ್ನೊಂದು ಮೋಸವಿದೆ. ಹೊರಡುವ ಬಿಂದು ರಸ್ತೆಯ ಮೇಲಿರದಿದ್ದರೆ ತಂತ್ರಾಂಶ ಅದನ್ನು ಅತಿ ಹತ್ತಿರದ ಗೆರೆಗೆ ಎಳೆದು ಕೂರಿಸುತ್ತದೆ. ಮಲೆನಾಡಿನ ಒಂಟಿ ಮನೆಯೊಂದರಿಂದ ಈಚೆಯ ರಸ್ತೆ ಎರಡು ಕಿ.ಮೀ., ನೀರಿನಾಚೆಯ ರಸ್ತೆ ಅರ್ಧ ಕಿ.ಮೀ. ಇದ್ದರೆ ಮನೆಯವರು ಲೆಕ್ಕದಲ್ಲಿ ಆಚೆ ದಡದವರಾಗಿಬಿಡುತ್ತಾರೆ. ಮನೆಯಿಂದ ರಸ್ತೆಯವರೆಗಿನ ನಡಿಗೆಯೂ ಲೆಕ್ಕಕ್ಕೆ ಸೇರುವುದಿಲ್ಲ. ಕ್ಯೂನೀಟ್3 ಎಂಬ ಪ್ಲಗಿನ್ ಹಾಕಿಕೊಂಡರೆ ಆ ನಡಿಗೆಯ ಖರ್ಚನ್ನು ಬೇರೆಯಾಗಿ ತೋರಿಸುತ್ತದೆ, ಹಲವು ಊರುಗಳಿಂದ ಹಲವು ಆಸ್ಪತ್ರೆಗಳಿಗೆ ಇರುವ ದೂರದ ಕೋಷ್ಟಕವನ್ನೂ ಮಾಡಿಕೊಡುತ್ತದೆ.

ಶಾಲಾ ಬಸ್ಸು ಎಲ್ಲ ಮಕ್ಕಳನ್ನೂ ಯಾವ ಕ್ರಮದಲ್ಲಿ ಹತ್ತಿಸಿಕೊಳ್ಳಬೇಕು ಎಂಬುದು ಈ ಎರಡು ಉಪಕರಣಗಳಿಗೆ ನಿಲುಕದ ಬೇರೆ ಜಾತಿಯ ಪ್ರಶ್ನೆ. ಶಾಲೆಯೂ ಸೇರಿ ಹತ್ತು ನಿಲ್ದಾಣ ಇದ್ದರೆ ಸುತ್ತುವ ಕ್ರಮಗಳು 1,81,440, ಹದಿನೈದಾದರೆ ನಾಲ್ಕು ಸಾವಿರ ಕೋಟಿಗೂ ಮೇಲೆ. ಅದಕ್ಕೆ ಗ್ರಾಸ್ ತಂತ್ರಾಂಶದಲ್ಲಿ ಬೇರೆ ಉಪಕರಣವಿದೆ, ಅದು ಕೊಡುವುದು ಒಳ್ಳೆಯ ಉತ್ತರವೇ ಹೊರತು ಅತ್ಯುತ್ತಮವೆಂಬ ಖಾತರಿಯಲ್ಲ.

ಮತ್ತೆ ಕೂಡುವಿಕೆಯ ಮಾತಿಗೆ ಬರೋಣ. ಜಾಲ ಕೂಡಿದೆಯೋ ಇಲ್ಲವೋ ಎಂದು ನೋಡಲು ಸುಲಭದ ದಾರಿಯೊಂದಿದೆ. ಸಾಗರದ ಬಸ್ ನಿಲ್ದಾಣದ ಹತ್ತಿರ ಒಂದು ಬಿಂದು ಇಟ್ಟು ಸರ್ವಿಸ್ ಏರಿಯಾಕ್ಕೆ 500 ಕಿ.ಮೀ.ಯಂಥ ಹುಚ್ಚು ಮಿತಿ ಕೊಡಿ. ತಾಲ್ಲೂಕಿನ ಎಲ್ಲ ರಸ್ತೆಯೂ ಅದರೊಳಗೆ ಬರಲೇಬೇಕು. ಬಾರದೆ ಉಳಿದ ಗೆರೆಗಳಿಗೆ ಕೆಂಪು ಬಣ್ಣ ಹಚ್ಚಿ, ಉಪಗ್ರಹ ಚಿತ್ರದ ಮೇಲಿಟ್ಟು ಒಂದೊಂದನ್ನೇ ಹಿಗ್ಗಿಸಿ ನೋಡಿ. ಹೆಚ್ಚಿನವು ಎಳೆದವರು ಸರಿಯಾಗಿ ಮುಟ್ಟಿಸದ ತುದಿಗಳು, ಅವನ್ನು ಸರಿಪಡಿಸಿ. ಹಿನ್ನೀರಿನ ನಡುವೆ ಉಳಿದ ಒಂದೆರಡು ಕೆಂಪು ಗೆರೆಗಳನ್ನು ಜೋಡಿಸಲು ಹೋಗಬೇಡಿ, ಅವು ನಿಜವಾಗಿಯೂ ನಡುಗಡ್ಡೆಯ ರಸ್ತೆಗಳಾಗಿರಬಹುದು.