ಹಳದಿ ಮೈಯೊಳಗಿನ ಏಳು ಬೇರಿಂಗ್

ಹೈದರಾಬಾದಿನ ಅಬಿಡ್ಸ್‌ಗೆ ಹೆಸರು ಬಂದದ್ದು ಆಲ್ಬರ್ಟ್ ಅಬಿದ್ ಎಂಬ ಆರ್ಮೇನಿಯನ್ನನಿಂದ. ಆರನೇ ನಿಜಾಮ ಮೆಹಬೂಬ್ ಅಲಿ ಖಾನರ ಉಡುಗೆ-ತೊಡುಗೆ ನೋಡಿಕೊಳ್ಳುತ್ತಿದ್ದ ಆತ ಇಲ್ಲಿ ಅಂಗಡಿ ತೆರೆದಿದ್ದ. ನಿಜಾಮರು ಒಮ್ಮೆ ತೊಟ್ಟ ಬಟ್ಟೆಯನ್ನು ಮತ್ತೆ ಮುಟ್ಟುತ್ತಿರಲಿಲ್ಲ ಎಂಬ ಮಾತಿದೆ. ಅವರು ಇಂಗ್ಲೆಂಡಿನಿಂದ ತರಿಸಹೊರಟ ರೋಲ್ಸ್‌ರಾಯ್ಸ್‌ನ ಪಾಡು ಇನ್ನೂ ವಿಚಿತ್ರ: ಅದು ಬರುವ ಮೊದಲೇ, 1911ರಲ್ಲಿ, ಅವರು ತೀರಿಕೊಂಡರು.

ಅಫ್ಜಲ್‌ಗಂಜ್ ಹಾದು, ನಯಾಪುಲ್ ಮೇಲೆ ಮೂಸಿ ದಾಟಿ ಚೌಮಹಲ್ಲಾ ಅರಮನೆಗೆ ಹೋದರೆ ಆ ಕಾರನ್ನು ಈಗಲೂ ನೋಡಬಹುದು. 1912ರ ಸಿಲ್ವರ್ ಘೋಸ್ಟ್. ಮೈಯೆಲ್ಲ ಹಳದಿ; ಹಿಂದಿನ ಆಸನ ಸಿಂಹಾಸನದಂತೆ ಎತ್ತರಕ್ಕಿದೆ. ಆಗ ರೋಲ್ಸ್‌ರಾಯ್ಸ್ ಕಂಪನಿ ಮಾರುತ್ತಿದ್ದುದು ಎಂಜಿನ್ ಕೂರಿಸಿದ ಬರೀ ಚಾಸಿ. ಬಾಡಿ ಕಟ್ಟುವ ಕೆಲಸ ಬೇರೆಯವರದು. ಈ ಸಿಂಹಾಸನ ಲಂಡನ್ನಿನ ಬಾರ್ಕರ್ ಕಂಪನಿಯದು.

ನೋಡುವವರ ಕಣ್ಣು ಹಳದಿಯಲ್ಲೇ ನಿಂತುಬಿಡುತ್ತದೆ. ನಿಜವಾದ ಕಸುಬು ಇರುವುದು ಬಾನೆಟ್ಟಿನ ಕೆಳಗೆ. ಆರು ಸಿಲಿಂಡರುಗಳನ್ನು ಸಾಲಾಗಿ ಜೋಡಿಸಿದರೆ ಕ್ರ್ಯಾಂಕ್‌ಶಾಫ್ಟ್ ಉದ್ದವಾಗುತ್ತದೆ, ಉದ್ದವಾದದ್ದು ತಿರುಚಿಕೊಂಡು ನಡುಗುತ್ತದೆ. ಆ ಕಾಲದ ಎಷ್ಟೋ ಎಂಜಿನ್ನುಗಳನ್ನು ಕಾಡಿದ ರೋಗ ಇದು. ಹೆನ್ರಿ ರಾಯ್ಸ್ ಶಾಫ್ಟನ್ನು ದಪ್ಪ ಮಾಡಿದರು, ಏಳು ಬೇರಿಂಗುಗಳ ಮೇಲೆ ಕೂರಿಸಿದರು, ಒತ್ತಡದಿಂದ ಎಣ್ಣೆ ಹರಿಯುವಂತೆ ಮಾಡಿದರು. ಒಂದೊಂದು ಸಿಲಿಂಡರಿಗೂ ಎರಡೆರಡು ಸ್ಪಾರ್ಕ್ ಪ್ಲಗ್: ಒಂದಕ್ಕೆ ಮ್ಯಾಗ್ನೆಟೊ, ಇನ್ನೊಂದಕ್ಕೆ ಬ್ಯಾಟರಿ, ಕಾಯಿಲ್. ಒಂದು ಕೈಕೊಟ್ಟರೂ ಗಾಡಿ ನಿಲ್ಲದು. ಎಂಜಿನ್ 7,428 ಸಿಸಿ. ಸ್ಟಾರ್ಟ್ ಮಾಡಲು ಮಾತ್ರ ಮುಂದೆ ನಿಂತು ಹ್ಯಾಂಡಲ್ ತಿರುಗಿಸಬೇಕು.

1907ರಲ್ಲಿ ಇದೇ ಮಾದರಿಯ ಬೆಳ್ಳಿ ಬಣ್ಣದ ಕಾರನ್ನು ಸುಮಾರು 15,000 ಮೈಲಿ ಓಡಿಸಿ, ಆಮೇಲೆ ಬಿಚ್ಚಿ ಪರೀಕ್ಷಿಸಿದರು. ಬದಲಿಸಬೇಕಾದ ಭಾಗಗಳಿಗೆ ತಗುಲಿದ್ದು ಎರಡು ಪೌಂಡ್ ಚಿಲ್ಲರೆ!

ಹಾಗೆಂದು ಎಲ್ಲವನ್ನೂ ಹೊಗಳುವಂತಿಲ್ಲ. ಮುಂದಿನ ಚಕ್ರಗಳಿಗೆ ಬ್ರೇಕೇ ಇಲ್ಲ. ಸಿಲ್ವರ್ ಘೋಸ್ಟಿಗೆ ಅದು ಬಂದದ್ದು 1924ರಲ್ಲಿ. ಮೆರವಣಿಗೆಯ ನಡಿಗೆಗೆ ಅದು ಬೇಕಾಗಿಯೂ ಇರಲಿಲ್ಲ ಎನ್ನಿ. ಬೀದರ್, ಕಲಬುರಗಿ, ರಾಯಚೂರುಗಳನ್ನೂ ಆಳುತ್ತಿದ್ದ ಏಳನೇ ನಿಜಾಮ ಉಸ್ಮಾನ್ ಅಲಿ ಖಾನರ ಕಾಲದಲ್ಲಿ ಈ ಕಾರು ಓಡಿದ್ದು 356 ಮೈಲಿ ಮಾತ್ರ ಎನ್ನುತ್ತಾರೆ. ಅಷ್ಟಕ್ಕೆ ಏಳು ಬೇರಿಂಗ್ ಹೆಚ್ಚೇ ಆಯಿತು.

ನೋಡಹೋಗುವವರು ಶುಕ್ರವಾರ ಬಿಟ್ಟು ಹೋಗಿ. ಅಂದು ಅರಮನೆಗೆ ರಜೆ.